ಸಾಫ್ಟ್‌ಬಾಲ್ ಪಳಗಿದ ಕೈಗೆ ಕ್ರಿಕೆಟ್: ಥಾಯ್ಲೆಂಡಿನಲ್ಲಿ ನಮ್ಮ ವಿಧಾನ

ಬೇಸ್‌ಬಾಲ್‌ನ ಸೋದರ ಆಟವಾದ ಸಾಫ್ಟ್‌ಬಾಲ್ ಆಡಿಕೊಂಡು ಬಂದ ಹುಡುಗಿಯರಿಗೆ ಮೊದಲ ದಿನವೇ ಪ್ಯಾಡ್ ಕಟ್ಟಿಸಿ, ನೆಟ್ಸ್‌ಗೆ ಕಳಿಸಿ, ‘ಬ್ಯಾಟ್ ನೇರ ಬರಲಿ’ ಎಂದು ಕೂಗುವುದು ನಮ್ಮ ಕೋಚ್‌ಗಳ ರೂಢಿ. ಥಾಯ್ಲೆಂಡಿನಲ್ಲಿ ನನ್ನ ಕೈಕೆಳಗೆ ಕಲಿಯುವವರಿಗೆ ನಾನು ಕ್ರಮವನ್ನೇ ತಲೆಕೆಳಗು ಮಾಡಿದೆ. ಮೊದಲು ಓಟ, ಆಮೇಲೆ ಫೀಲ್ಡಿಂಗ್, ಅದಾದ ಮೇಲೆ ಸ್ಪಿನ್, ಕೊನೆಗೆ ಬ್ಯಾಟಿಂಗ್. ಹೀಗೆ ಮಾಡಿದರೆ ಒಬ್ಬ ಬ್ಯಾಟರ್ ಕೂಡ ತಯಾರಾಗುವುದಿಲ್ಲ ಎಂದು ಬೆಂಗಳೂರಿನ ಗೆಳೆಯರೂ ಹೇಳಿದರು, ಬ್ಯಾಂಕಾಕಿನಲ್ಲಿ ಲೀಗ್ ಆಡುವ ನಮ್ಮವರೂ ಹೇಳಿದರು. ಈಗ ಅದೇ ಹುಡುಗಿಯರು ಅಭ್ಯಾಸ ಪಂದ್ಯಗಳಲ್ಲಿ ಗಂಡಸರ ಕ್ಲಬ್ ತಂಡಗಳನ್ನು 20 ಓವರಿನಲ್ಲಿ ನೂರು ದಾಟದ ಹಾಗೆ ಕಟ್ಟಿಹಾಕುತ್ತಿದ್ದಾರೆ.

ಈ ದಾರಿಗೆ ಆಧಾರ ಇದೆ. ಥಾಯ್ ರಾಷ್ಟ್ರೀಯ ಮಹಿಳಾ ತಂಡದ ಹಲವರು ಸಾಫ್ಟ್‌ಬಾಲಿನಿಂದಲೇ ಬಂದವರು. 2007ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟಿಗೆ ಕಾಲಿಟ್ಟ ತಂಡ 2018–19ರಲ್ಲಿ ಸತತ 17 ಟಿ20 ಗೆದ್ದು ಆಸ್ಟ್ರೇಲಿಯಾದ 16ರ ದಾಖಲೆ ಮುರಿಯಿತು, 2020ರ ಟಿ20 ವಿಶ್ವಕಪ್‌ಗೂ ಹೋಯಿತು. ಆಗ ಕೋಚ್ ಪುಣೆಯ ಹರ್ಷಲ್ ಪಾಠಕ್, ನಾಯಕಿ ಸೋರ್ನರಿನ್ ಟಿಪ್ಪೋಚ್. ಆ ತಂಡ ಗೆದ್ದದ್ದು ಸಿಕ್ಸರ್‌ಗಳಿಂದಲ್ಲ. ನತ್ತಾಯ ಬೂಚಾಥಮ್ ಆಫ್‌ಸ್ಪಿನ್, ಸುಲೀಪೋರ್ನ್ ಲಾವೋಮಿ ಲೆಗ್‌ಸ್ಪಿನ್, ಜೊತೆಗೆ ಕೈಗೆ ಬಂದದ್ದನ್ನು ಬಿಡದ ಫೀಲ್ಡಿಂಗ್. ನಾನು ಮಾಡಿದ್ದು ಆ ಜಾಡನ್ನು ಕೆಳಹಂತದಲ್ಲಿ ಅಭ್ಯಾಸಕ್ಕೆ ಇಳಿಸುವ ಕೆಲಸ.

ಓಟದಿಂದ ಶುರು ಮಾಡುವುದಕ್ಕೆ ಕಾರಣ ಅಳತೆ. ಸಾಫ್ಟ್‌ಬಾಲಿನಲ್ಲಿ ಒಂದು ಬೇಸಿನಿಂದ (ಓಡಿ ಮುಟ್ಟಬೇಕಾದ ಗುರುತು) ಇನ್ನೊಂದಕ್ಕೆ 60 ಅಡಿ. ನಮ್ಮಲ್ಲಿ ಕ್ರೀಸಿನಿಂದ ಕ್ರೀಸಿಗೆ 58 ಅಡಿ. ಆ ದೂರ ಅವರ ಕಾಲಿಗೆ ಆಗಲೇ ಗೊತ್ತು. ಗೊತ್ತಿಲ್ಲದ್ದು ಎರಡು. ಒಂದು, ತಿರುಗುವುದು: ಬ್ಯಾಟನ್ನು ಉದ್ದಕ್ಕೆ ಚಾಚಿ, ಸೊಂಟ ತಗ್ಗಿಸಿ, ಚೆಂಡಿನ ಕಡೆ ಮುಖವಿಟ್ಟೇ ತಿರುಗಬೇಕು. ಅವರು ಬ್ಯಾಟ್ ಬಿಸಾಡಿ ಓಡಿ ಅಭ್ಯಾಸವಾದವರು, ಬ್ಯಾಟ್ ಹಿಡಿದು ಓಡುವುದನ್ನೇ ಮೊದಲು ಕಲಿಸಬೇಕು. ಇನ್ನೊಂದು ಕರೆ, ಇದೇ ದೊಡ್ಡ ಸಮಸ್ಯೆ. ಸಾಫ್ಟ್‌ಬಾಲಿನಲ್ಲಿ ಒಂದನೇ ಮತ್ತು ಮೂರನೇ ಬೇಸಿನ ಪಕ್ಕ ಕೋಚ್ ನಿಂತು ‘ಓಡು’, ‘ನಿಲ್ಲು’ ಎನ್ನುತ್ತಾರೆ, ಓಡುವವಳು ನಿರ್ಧಾರ ಮಾಡುವುದು ಕಡಿಮೆ. ಅಂಥವರನ್ನು ನೇರವಾಗಿ ಕ್ರಿಕೆಟ್ ಪಂದ್ಯಕ್ಕೆ ಇಳಿಸಿದರೆ ಇನಿಂಗ್ಸಿಗೆ ಮೂರು ನಾಲ್ಕು ರನ್‌ಔಟ್ ಖಾತ್ರಿ. ಪರಿಹಾರ ಹೀಗೆ: ಮೊದಲ ಕೆಲವು ವಾರ ಸ್ಕ್ವೇರ್ ಲೆಗ್‌ನಲ್ಲಿ ನಿಂತು ನಾವೇ ಕೂಗುತ್ತೇವೆ. ನಂತರ ಕೈ ಎತ್ತಿ ಸನ್ನೆ ಮಾತ್ರ. ಆಮೇಲೆ ಬೆನ್ನು ತಿರುಗಿಸಿ ನಿಲ್ಲುತ್ತೇವೆ. ಈ ಮೂರು ಮೆಟ್ಟಿಲಲ್ಲಿ ಒಂದನ್ನು ಹಾರಿದರೂ ಮತ್ತೆ ರನ್‌ಔಟ್ ಶುರುವಾಗುತ್ತದೆ. ಪ್ಯಾಡ್ ಕಟ್ಟಿಕೊಂಡು ಎರಡು ರನ್ ಸುಮಾರು ಏಳು ಸೆಕೆಂಡಿನೊಳಗೆ ಮುಗಿಯಬೇಕು. ಅದು ಬಂದ ಮೇಲೆಯೇ ಮುಂದಿನ ಪಾಠ.

ಫೀಲ್ಡಿಂಗ್‌ನಲ್ಲಿ ಥ್ರೋ ಮುಟ್ಟಬೇಡಿ, ಅದು ಕ್ರಿಕೆಟ್ ಆಡಿಯೇ ಬೆಳೆದ ನಮ್ಮ ಹುಡುಗಿಯರದಕ್ಕಿಂತ ಎಷ್ಟೋ ಚೆನ್ನಾಗಿರುತ್ತದೆ. ಬದಲಿಸಬೇಕಾದ್ದು ಗುರಿ ಮಾತ್ರ. ಅವರು ಗ್ಲೌಸ್ ಇರುವ ಎದೆಮಟ್ಟಕ್ಕೆ ಎಸೆಯುತ್ತಾರೆ, ನಮಗೆ ಬೇಕಾದದ್ದು ಬೇಲ್ಸ್ ಎತ್ತರ. ಕ್ಯಾಚಿಂಗ್‌ನಲ್ಲಿ ಕಷ್ಟ ಇದೆ. ಎಡಗೈಗೆ ದೊಡ್ಡ ಗ್ಲೌಸ್ ಇರುವ ಧೈರ್ಯದಲ್ಲಿ ಬೆರಳನ್ನು ಚೆಂಡಿಗೆ ಎದುರಾಗಿ ಚಾಚುತ್ತಾರೆ. ಬರಿಗೈಯಲ್ಲಿ ಹಾಗೆ ಮಾಡಿದರೆ ಬೆರಳಿನ ತುದಿಗಂಟು ಹೋಯಿತು. ಮೊದಲು ಟೆನಿಸ್ ಬಾಲ್, ಆಮೇಲೆ 110–120 ಗ್ರಾಂನ ಹೆವಿ ಬಾಲ್, ಕೊನೆಗೆ ಲೆದರ್. ಮಹಿಳೆಯರ ಚೆಂಡು 140ರಿಂದ 151 ಗ್ರಾಂ, ಸಾಫ್ಟ್‌ಬಾಲ್ ಅದಕ್ಕಿಂತ ಭಾರ, ಸುಮಾರು 180–200 ಗ್ರಾಂ. ಆದ್ದರಿಂದ ತೂಕಕ್ಕೆ ಯಾರೂ ಹೆದರುವುದಿಲ್ಲ. ತೊಂದರೆ ಗಾತ್ರದ್ದು: ಸುತ್ತಳತೆ 30 ಸೆಂ.ಮೀ.ನಿಂದ 22ರ ಆಸುಪಾಸಿಗೆ ಇಳಿದಾಗ ಚೆಂಡು ಅಂಗೈಯಿಂದ ಜಾರುತ್ತದೆ. ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸಿನ ನಡುವಿನ ಫೀಲ್ಡರ್) ಆಡಿದವಳನ್ನು ಕಣ್ಣು ಮುಚ್ಚಿ ಪಾಯಿಂಟ್ ಅಥವಾ ಕವರಿಗೆ ಹಾಕಿ. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದವಳು ಕೀಪರ್. ಮುಖದ ಮುಂದೆ ಬ್ಯಾಟ್ ಬೀಸಿದರೂ ರೆಪ್ಪೆ ಮಿಟುಕಿಸುವುದಿಲ್ಲ, ಸ್ಪಿನ್ನರ್‌ಗೆ ಸ್ಟಂಪಿನ ಹತ್ತಿರ ನಿಲ್ಲಲು ಇದಕ್ಕಿಂತ ದೊಡ್ಡ ಅರ್ಹತೆ ಇಲ್ಲ. ಕೂತೇ ಇರುವ ಅಭ್ಯಾಸವನ್ನು ಮಾತ್ರ ಬಿಡಿಸಬೇಕು. ಚೆಂಡಿನ ಪುಟದ ಜೊತೆಗೆ ಮೇಲೇಳದಿದ್ದರೆ ಎದೆಗೆ ಬೀಳುತ್ತದೆ.

ಬೌಲಿಂಗ್‌ನಲ್ಲಿ ಕಾಡುವುದು ಮೊಣಕೈ. ಚೆಂಡು ಬಿಡುವಾಗ ಮಡಚಿದ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೇರವಾದರೆ ಚಕ್ಕಿಂಗ್, ಅಂದರೆ ನಿಯಮಬಾಹಿರ ಎಸೆತ. ಇನ್‌ಫೀಲ್ಡ್ (ಬೇಸ್‌ಗಳ ಹತ್ತಿರದ ಜಾಗ) ಆಡಿದವರೆಲ್ಲ ಅಲ್ಲೇ ಸಿಕ್ಕಿಬೀಳುತ್ತಾರೆ. ಮೊಣಕೈಗೆ ಪಟ್ಟಿ ಕಟ್ಟಿ ನೋಡಿದೆವು. ಭುಜ ನೋವು ಬಂತೇ ಹೊರತು ಕೈ ನೇರವಾಗಲಿಲ್ಲ. ಗೋಡೆ ಪಕ್ಕ ನಿಲ್ಲಿಸಿ ಮಾಡಿಸಿದ್ದೂ ದಂಡ. ಕೆಲಸ ಮಾಡಿದ್ದು ಪಿಚರ್‌ಗಳನ್ನು, ಅಂದರೆ ಸಾಫ್ಟ್‌ಬಾಲಿನಲ್ಲಿ ಬ್ಯಾಟರ್‌ಗೆ ಕೈ ಕೆಳಗಿನಿಂದ ಚೆಂಡು ಎಸೆಯುವವರನ್ನು, ಆರಿಸಿಕೊಂಡದ್ದು. ಅವರ ಕೈ ಆಗಲೇ ಪೂರ್ತಿ ಸುತ್ತು ಸುತ್ತುತ್ತದೆ, ಆದರೆ ದಿಕ್ಕು ಉಲ್ಟಾ. ಚೆಂಡಿಲ್ಲದೆ ಎರಡೂ ದಿಕ್ಕಿಗೆ ತಿರುಗಿಸಿ, ನಂತರ ನಿಂತಲ್ಲಿಂದಲೇ, ತೋಳು ಕಿವಿಗೆ ತಾಗುವಂತೆ, ಆರಡಿ ಎತ್ತರದ ಹಗ್ಗದ ಮೇಲಿಂದ ಹಾಕಿಸಬೇಕು. ಎರಡು ಹೆಜ್ಜೆ, ಆಮೇಲೆ ಐದಾರು. ಪಿಚರ್‌ಗೆ ರನ್‌ಅಪ್ ಎಂಬುದೇ ಹೊಸದು, ಅವಸರ ಮಾಡಿದರೆ ನೋಬಾಲ್ ಸುರಿಮಳೆ. ಮೊಬೈಲಿನ ಸ್ಲೋಮೋಷನ್‌ನಲ್ಲಿ ಹಿಂದಿನಿಂದಲೂ ಪಕ್ಕದಿಂದಲೂ ತೆಗೆದು ನೋಡಿ, ಒಂದೇ ಕೋನ ಮೋಸ ಮಾಡುತ್ತದೆ. ಅವರ ಡ್ರಾಪ್ ಬಾಲ್‌ನ (ಬ್ಯಾಟರ್ ಹತ್ತಿರ ತಟ್ಟನೆ ಕೆಳಗಿಳಿಯುವ ಎಸೆತ) ಬೆರಳಾಟವನ್ನು ಹಾಗೇ ಆಫ್‌ಸ್ಪಿನ್‌ಗೆ ತಿರುಗಿಸುವ ಒಂದು ಹಿಡಿತ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಮೂವರು ಸ್ಪಿನ್ನರ್‌ಗಳು ಸದ್ಯ ಅದರ ಮೇಲೆಯೇ ನಿಂತಿದ್ದಾರೆ.

ವೇಗಕ್ಕೆಂದು ವಾಲಿಬಾಲ್ ಹುಡುಗಿಯರನ್ನೂ ಪ್ರಯತ್ನಿಸಿದೆ. ಎತ್ತರ ಇದೆ, ಭುಜ ಇದೆ, ಆದರೆ ಸ್ಪೈಕ್ ಹೊಡೆಯುವಾಗ ಮಡಚಿದ ಮೊಣಕೈ ಬೌಲಿಂಗ್‌ನಲ್ಲೂ ಮಡಚಿಯೇ ಬಂತು. ಬ್ಯಾಡ್ಮಿಂಟನ್‌ನವರ ಕಾಲು ಚುರುಕು, ಮಣಿಕಟ್ಟು ಚಿನ್ನ, ಥ್ರೋ ಮಾತ್ರ ಮೂವತ್ತು ಮೀಟರ್ ದಾಟುವುದಿಲ್ಲ. ಥಾಯ್ ತಂಡದಲ್ಲೂ ಚನಿದಾ ಸುತ್ತಿರುಆಂಗ್ ಅವರಂಥ ಮಧ್ಯಮ ವೇಗಿಗಳು ಅಪರೂಪ. ಅವರಿಗೆ 2019ರಲ್ಲಿ ಐಸಿಸಿಯ ಉದಯೋನ್ಮುಖ ಆಟಗಾರ್ತಿ ಪ್ರಶಸ್ತಿ ಬಂದದ್ದು ಇಲ್ಲಿಯ ಕೋಚ್‌ಗಳಿಗೆಲ್ಲ ಹೆಮ್ಮೆ.

ದುಡ್ಡಿನ ಮಾತು. ಎಲ್ಲಕ್ಕಿಂತ ಹೆಚ್ಚು ತಿಂದದ್ದು ಪಿಚ್. ಊರೂರಲ್ಲಿ ಸಿಗುವ ಫುಟ್‌ಬಾಲ್ ಟರ್ಫ್ ಅಗ್ಗ ಎಂದು ಹಾಸಿದರೆ ಚೆಂಡು ಅದರ ಉದ್ದ ಎಳೆಯಲ್ಲಿ ಸಿಕ್ಕಿ ನಿಲ್ಲುತ್ತದೆ, ಪುಟವೇ ಇಲ್ಲ. 9–11 ಮಿ.ಮೀ. ಎಳೆಯ ಟರ್ಫೇ ಬೇಕು, ಕೆಳಗೆ ನಾಲ್ಕು ಇಂಚಿನ ಕಾಂಕ್ರೀಟು. ಕಾಂಕ್ರೀಟಿನ ಜೋಡಣೆ ಗುಡ್ ಲೆಂಗ್ತ್‌ನಲ್ಲಿ ಬಾರದಂತೆ ಮೊದಲೇ ಮೇಸ್ತ್ರಿಗೆ ಗುರುತು ಹಾಕಿ ಕೊಡಬೇಕು. ಅಂಟಿನಿಂದ ಕೂರಿಸಿದ್ದು ಮೇ–ಅಕ್ಟೋಬರಿನ ಮಳೆಗೆ ಎದ್ದು ಬರುತ್ತದೆ. ಅಂಚಿಗೆ ಮೊಳೆ, ಮೇಲೆ ಕಬ್ಬಿಣದ ಪಟ್ಟಿ ಹೊಡೆಸಿ. ಎರಡನೆಯ ಖರ್ಚು ಚೆಂಡು. ಒದ್ದೆ ನೆಲದಲ್ಲಿ ಲೆದರ್ ಚೆಂಡು ಎರಡು ಮೂರು ಅಭ್ಯಾಸಕ್ಕೆ ಉಬ್ಬಿ ಸಾಬೂನಿನಂತಾಗುತ್ತದೆ. ಮೀರತ್ತಿನಿಂದ ಡಜನ್ ಲೆಕ್ಕದಲ್ಲಿ ತರಿಸಿದರೆ ಒಂದಕ್ಕೆ ನಾಲ್ಕುನೂರು ರೂಪಾಯಿ ಹತ್ತಿರ ಬೀಳುತ್ತಿತ್ತು, ಸಾಗಣೆ ಬೇರೆ. ಮಳೆಗಾಲವಿಡೀ ಸಿಂಥೆಟಿಕ್ ಚೆಂಡಿಗೆ ಬದಲಾದ ಮೇಲೆ ಚೆಂಡಿನ ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. ಉಳಿದ ಹಣ ಹೊರ ಊರುಗಳಿಂದ ಬಂದವರ ಹಾಸ್ಟೆಲ್ ಊಟಕ್ಕೆ ಹೋಯಿತು. ಅಲ್ಲಿ ಕಡಿಮೆ ಮಾಡಿದರೆ ಹುಡುಗಿಯರು ನಿಲ್ಲುವುದಿಲ್ಲ.

ಇನ್ನು ಬ್ಯಾಟಿಂಗ್. ಎಲ್ಲರೂ ಅನುಮಾನಪಟ್ಟದ್ದು ಇಲ್ಲೇ. ಸಾಫ್ಟ್‌ಬಾಲಿನಲ್ಲಿ ಮಂಡಿಗಿಂತ ಕೆಳಗಿನ ಚೆಂಡನ್ನು ಬಿಡುತ್ತಾರೆ, ಹಾಗಾಗಿ ಇಲ್ಲಿ ಯಾರ್ಕರ್‌ಗೆ ಬೌಲ್ಡ್. ಹಿಂದಕ್ಕೆ ಹೋದ ಹೊಡೆತ ಅಲ್ಲಿ ಫೌಲ್, ಹಾಗಾಗಿ ಗ್ಲಾನ್ಸ್, ಲೇಟ್ ಕಟ್ ಕಲ್ಪನೆಯೇ ಇಲ್ಲ. ಎದುರಾಳಿ ನಾಯಕಿ ಒಂಬತ್ತು ಜನರನ್ನೂ ಮುಂದೆ ನಿಲ್ಲಿಸಿದರೆ ರನ್ ನಿಂತೇ ಹೋಗುತ್ತದೆ. 2022ರ ಏಷ್ಯಾಕಪ್‌ನಲ್ಲಿ ಇದರ ಎರಡೂ ಮುಖ ಕಂಡಿತು. ಬಾಂಗ್ಲಾದೇಶದ ಸಿಲ್ಹಟ್‌ನಲ್ಲಿ ಥಾಯ್ಲೆಂಡ್ ಪಾಕಿಸ್ತಾನವನ್ನು ನಾಲ್ಕು ವಿಕೆಟ್‌ಗಳಿಂದ ಸೋಲಿಸಿತು, ನತ್ತಕಾನ್ ಚಂತಮ್ 61. ಅದೇ ತಂಡ ಅದೇ ವಾರ ಭಾರತದ ಸ್ಪಿನ್ ಎದುರು 37ಕ್ಕೆ ಆಲೌಟ್. ಸೆಮಿಫೈನಲ್‌ನಲ್ಲೂ ದೀಪ್ತಿ ಶರ್ಮಾ ಮತ್ತು ನಮ್ಮ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಕೈ ಬಿಚ್ಚಲು ಬಿಡಲಿಲ್ಲ.

ಸಾಫ್ಟ್‌ಬಾಲಿನ ಅಡ್ಡ ಬೀಸನ್ನು ಅಳಿಸಲು ಹೊರಟರೆ ವರ್ಷಗಳೇ ಬೇಕು, ಕೊನೆಗೆ ಅದೂ ಇಲ್ಲ ಇದೂ ಇಲ್ಲ. ಅದೇ ಬೀಸನ್ನು ಮಂಡಿಯೂರಿಸಿ ಕೆಳಗಿಳಿಸಿದರೆ ಸ್ವೀಪ್! ಹಿಂಗಾಲಿನ ಮಂಡಿ ನೆಲಕ್ಕೆ, ಮುಂಗಾಲು ಚೆಂಡಿನ ಗೆರೆಗೆ, ತಲೆ ಮುಂಗಾಲಿನ ಮೇಲೆ. ಅವರಿಗೆ ಪರಿಚಯವಿರುವ ಬ್ಯಾಟಿಂಗ್ ಟೀಯನ್ನೇ (ಚೆಂಡನ್ನು ಮೇಲೆ ಇಟ್ಟು ಹೊಡೆಯುವ ಕೋಲು) ಮೊಳಕಾಲಿನ ಮಧ್ಯದ ಎತ್ತರಕ್ಕೆ ತಗ್ಗಿಸಿ ದಿನಕ್ಕೆ ಐವತ್ತು ಅರವತ್ತು ಹೊಡೆಸಿ, ನಂತರ ಕೈಯಿಂದ ಸ್ಪಿನ್ ಹಾಕಿ. ಟೀಯಿಂದ ಸೀದಾ ಬೌಲರ್‌ಗೆ ದಾಟಿದರೆ ಟಾಪ್ ಎಡ್ಜ್ ಬರುತ್ತದೆ, ಯಾಕೆಂದರೆ ಪುಟಕ್ಕೆ ಇನ್ನೂ ಕಣ್ಣು ಹೊಂದಿರುವುದಿಲ್ಲ. ಅಭ್ಯಾಸ ಪಂದ್ಯದಲ್ಲಿ ವಿಕೆಟ್ ಹಿಂದಿನ ರನ್‌ಗೆ ದುಪ್ಪಟ್ಟು ಅಂಕ ಇಡಿ, ಗ್ಲಾನ್ಸ್ ತಾನಾಗಿ ಬರುತ್ತದೆ. ಬ್ಯಾಟ್ ಎತ್ತಿ ನಿಲ್ಲುವ ಭಂಗಿಯನ್ನು ಬದಲಿಸಬೇಡಿ. ಯಾರ್ಕರ್‌ಗೆ ನೇರ ಬ್ಯಾಟ್ ಒಂದೇ ದಾರಿ, ಅಷ್ಟಕ್ಕೆ ಮಾತ್ರ ಅದನ್ನು ಕಲಿಸಿ.

ಬ್ಯಾಟ್ ಕೊಳ್ಳುವಾಗ ತೂಕ ನೋಡಿ. ಅವರ ಅಲ್ಯೂಮಿನಿಯಂ ಬ್ಯಾಟು 650–700 ಗ್ರಾಂ, ನಮ್ಮದು ಸಾಮಾನ್ಯವಾಗಿ 1,100ರ ಮೇಲೆ. ಒಂದೇ ಸಲಕ್ಕೆ ಅದನ್ನು ಕೊಟ್ಟರೆ ಬೀಸು ತಡವಾಗುತ್ತದೆ, ಮಣಿಕಟ್ಟು ಹಿಡಿಯುತ್ತದೆ. ನಾವು ಹ್ಯಾರೋ ಸೈಜಿನ (ಪೂರ್ತಿ ಅಳತೆಗಿಂತ ಸ್ವಲ್ಪ ಚಿಕ್ಕದು), ಸಾವಿರ ಗ್ರಾಂಗಿಂತ ಕೆಳಗಿನ ಕಾಶ್ಮೀರ ವಿಲೋ ಬ್ಯಾಟಿನಿಂದ ಶುರು ಮಾಡಿ, ಸ್ವೀಪ್ ಕೂತ ಮೇಲೆ ಪೂರ್ತಿ ಅಳತೆಯ ಇಂಗ್ಲಿಷ್ ವಿಲೋ ಕೊಡುತ್ತೇವೆ.