ಡಿಕ್ಕಿಯ ಗ್ಯಾಸ್ ವಾಸನೆಯ ಮೂಲ ಹಿಡಿದ ಬಗೆ: ನನ್ನ ಅನುಭವ

ಕಿಟ್ ಹಾಕಿಸಿದ ಹಳೆಯ ಸಿಎನ್‌ಜಿ ಕಾರು ಇಟ್ಟುಕೊಂಡವರಿಗೆಲ್ಲ “ಸ್ವಲ್ಪ ವಾಸನೆ ಇದ್ದದ್ದೇ ಸರ್” ಎಂಬ ಮಾತು ಪರಿಚಿತ. ಬೆಂಗಳೂರಿನಲ್ಲಿ ನಾನು ಹೋದ ಗ್ಯಾರೇಜುಗಳಲ್ಲೆಲ್ಲ ಇದೇ ಸಮಾಧಾನ ಸಿಕ್ಕಿತು. ಒಂದು ಕಡೆ ಅನಿಲದ ಒತ್ತಡ ತಗ್ಗಿಸುವ ರಿಡ್ಯೂಸರ್ ಬದಲಾಯಿಸಿ ಎಂಟೊಂಬತ್ತು ಸಾವಿರ ರೂಪಾಯಿ ತೆಗೆದುಕೊಂಡರು. ಇನ್ನೊಂದು ಕಡೆ ಬಾನೆಟ್ ಕೆಳಗಿನ ನಟ್‌ಗಳನ್ನೆಲ್ಲ ಬಿಗಿದು ಐನೂರು ಪಡೆದರು. ಆದರೂ ಬೆಳಗ್ಗೆ ಹಿಂದಿನ ಬಾಗಿಲು ತೆರೆದರೆ ಅದೇ ವಾಸನೆ. ಮುಚ್ಚಿದ ಡಿಕ್ಕಿಯ ಗಾಳಿಯಲ್ಲಿ ಶೇ 5ರಿಂದ 15ರಷ್ಟು ಅನಿಲ ಬೆರೆತರೆ ಒಂದು ಕಿಡಿ ಸಾಕು ಎಂಬುದು ಗೊತ್ತಿದ್ದುದರಿಂದ ನಾನು ಸುಮ್ಮನಾಗಲಿಲ್ಲ.

ಮೊದಲು ಸಿಲಿಂಡರಿನ ಒತ್ತಡ ತೋರಿಸುವ ಗೇಜನ್ನು ನಂಬಿ ನೋಡಿದೆ. ಸಂಜೆ ಬಂಕಿನಲ್ಲಿ 200 ಬಾರ್ ತೋರಿಸಿದ್ದು ಬೆಳಗ್ಗೆ 180ರ ಆಸುಪಾಸಿಗೆ ಇಳಿಯುತ್ತಿತ್ತು. ಆದರೆ ತುಂಬಿಸುವಾಗ ಬಿಸಿಯಾದ ಅನಿಲ ರಾತ್ರಿ ತಣ್ಣಗಾದರೆ ಸೋರಿಕೆಯೇ ಇಲ್ಲದ ಸಿಲಿಂಡರಿನಲ್ಲೂ ಒತ್ತಡ ಇಳಿಯುತ್ತದೆ; ಸ್ನೇಹಿತರ ಹೊಸ ಕಾರಿನಲ್ಲೂ ಹಾಗೆಯೇ ಇಳಿಯಿತು. ಇದರಿಂದ ಇನ್ನೊಂದು ಲಾಭವಾಯಿತು: ನಸುಕಿನಲ್ಲಿ ತುಂಬಿಸಿದರೆ ಸುಮಾರು ಅರ್ಧ ಕೆಜಿ ಹೆಚ್ಚು ಹಿಡಿಯುತ್ತದೆಂದು ತಿಳಿದು, ಇಂದಿಗೂ ಆ ಹೊತ್ತಿಗೇ ಬಂಕಿಗೆ ಹೋಗುತ್ತೇನೆ.

ಕೊನೆಗೆ ಫಲ ಕೊಟ್ಟದ್ದು ಪಾಲಿಥೀನ್ ಚೀಲ. ಡಿಕ್ಕಿಯಲ್ಲಿರುವ ಸಿಲಿಂಡರಿನ ವಾಲ್ವನ್ನು ಮುಚ್ಚಿರುವ ಹೊದಿಕೆಯಿಂದ, ಸೋರಿದ ಅನಿಲ ಹೊರಹೋಗಲೆಂದು, ಎರಡು ಕೊಳವೆಗಳು ಕಾರಿನ ತಳದ ಮೂಲಕ ಹೊರಬರುತ್ತವೆಯಷ್ಟೆ. ಕಾರನ್ನು ರಾತ್ರಿ ಬಯಲಿನಲ್ಲಿ ನಿಲ್ಲಿಸಿ, ಬಿರುಕು ಬಿಟ್ಟಿದ್ದ ಹೊದಿಕೆಯ ರಬ್ಬರ್ ಅಂಚಿಗೆ ಟೇಪ್ ಸುತ್ತಿ, ಒಂದು ಕೊಳವೆಯ ಬಾಯಿಗೆ ಬಟ್ಟೆ ತುರುಕಿ, ಇನ್ನೊಂದಕ್ಕೆ ಗಾಳಿಯೆಲ್ಲ ಹಿಂಡಿ ತೆಗೆದ ತೆಳು ಚೀಲವನ್ನು ಕಟ್ಟಿದೆ. ನೋಡಿದ ಮೆಕ್ಯಾನಿಕ್ ನಕ್ಕರು. ಬೆಳಗ್ಗೆ ಚೀಲ ಪೂರಿಯಂತೆ ಉಬ್ಬಿತ್ತು.

ಸೋರಿಕೆ ವಾಲ್ವಿನದೋ, ಅದರಿಂದ ಹೊರಡುವ ಪೈಪಿನದೋ ಎಂಬುದನ್ನು ಬೇರ್ಪಡಿಸಲು, ಮರುದಿನ ಸಿಲಿಂಡರಿನ ಕೈವಾಲ್ವನ್ನು ಮುಚ್ಚಿ, ಪೈಪಿನಲ್ಲಿ ಉಳಿದ ಅನಿಲ ಮುಗಿದು ಎಂಜಿನ್ ಪೆಟ್ರೋಲಿಗೆ ಬದಲಾಗುವವರೆಗೂ ಓಡಿಸಿ, ಮತ್ತೆ ಚೀಲ ಕಟ್ಟಿದೆ. ಈ ಬಾರಿ ಅದು ಚಪ್ಪಟೆಯಾಗಿಯೇ ಇತ್ತು; ಅಂದರೆ ಸೋರುತ್ತಿದ್ದುದು ವಾಲ್ವಲ್ಲ, ಅದಕ್ಕೆ ಪೈಪ್ ಸೇರುವ ಕೀಲು. ಉಬ್ಬಿದ್ದರೆ ಸಿಲಿಂಡರನ್ನೇ ಬರಿದು ಮಾಡಿ ವಾಲ್ವ್ ಬಿಚ್ಚಿಸಬೇಕಾಗುತ್ತಿತ್ತು; ಅದು ಮನೆಯಂಗಳದಲ್ಲಿ ಮಾಡುವ ಕೆಲಸವೇ ಅಲ್ಲ. ಪೈಪಿನ ತುದಿಯನ್ನು ಒಂದಿಷ್ಟು ಕತ್ತರಿಸಿ ಹೊಸ ಫೆರೂಲ್ (ಪೈಪಿನ ತುದಿಯನ್ನು ಬಿಗಿಹಿಡಿಯುವ ಲೋಹದ ಬಳೆ) ಕೂರಿಸಿದ್ದಕ್ಕೆ ಕೂಲಿಯೂ ಸೇರಿ ಆದ ಖರ್ಚು ಮುನ್ನೂರು ನಾನೂರು ರೂಪಾಯಿ. ಒತ್ತಡವಿರುವಾಗಲೇ ನಟ್ ಬಿಗಿಯಲು ಹೊರಟ ಹುಡುಗನನ್ನು ನಾನೇ ತಡೆದೆ. 200 ಬಾರ್ ಇರುವ ಕಡೆ ಸ್ಪ್ಯಾನರ್ ಹಾಕುವುದೆಂದರೆ ಕೈ ಕಳೆದುಕೊಳ್ಳಲು ಸಿದ್ಧವಾದಂತೆ. ರಬ್ಬರ್ ಹೊದಿಕೆಯನ್ನೂ ಬದಲಾಯಿಸಿದೆವು.

ಚೀಲವನ್ನೂ ಬಟ್ಟೆಯನ್ನೂ ತೆಗೆಯದೆ ಕಾರು ಹೊರಡಿಸಬಾರದು. ಆ ಕೊಳವೆಗಳು ಸದಾ ತೆರೆದಿರಬೇಕು. ಚೀಲ ಉಬ್ಬಿದ್ದರೆ ಮೊದಲು ಅದನ್ನು ದೂರ ಒಯ್ದು ಬಿಚ್ಚಿ, ಎಲ್ಲ ಬಾಗಿಲು ತೆರೆದಿಟ್ಟು ಸ್ವಲ್ಪ ಹೊತ್ತು ಕಾಯಬೇಕು. ಅಲ್ಲಿಯವರೆಗೆ ಕಾರಿನ ಕೀಲಿಕೈ, ಒಳದೀಪ, ಸೆಂಟ್ರಲ್ ಲಾಕ್ ಯಾವುದನ್ನೂ ಮುಟ್ಟಬಾರದು.

ಕೀಲು ಸರಿಯಾದ ಮೇಲೆ ಸೋಪಿನ ನೀರಿನಿಂದ ಪರೀಕ್ಷಿಸಿದೆ. ಅಮೋನಿಯಾ ಇರುವ ಸೋಪು ಹಿತ್ತಾಳೆಯನ್ನು ಕ್ರಮೇಣ ಬಿರುಕುಗೊಳಿಸುವುದರಿಂದ ಅದನ್ನು ಬಳಸುವುದಿಲ್ಲ. ಗುಳ್ಳೆ ಬೇಗ ಒಡೆಯದಂತೆ ನಾನು ಬೆರೆಸುವ ವಸ್ತು ಮತ್ತು ಅದರ ಪ್ರಮಾಣ ಮಾತ್ರ ನನ್ನಲ್ಲೇ ಇರಲಿ. ಬೀದಿಯ ಟ್ಯಾಕ್ಸಿಯವರು ಈಗ ಬಾಟಲಿ ಕೇಳಿಕೊಂಡು ನನ್ನ ಮನೆಗೇ ಬರುತ್ತಾರೆ, ಅಂದು ನಕ್ಕ ಮೆಕ್ಯಾನಿಕ್ ಕೂಡ.

ನೀರಿನ ಒತ್ತಡದಿಂದ ಸಿಲಿಂಡರಿನ ಗಟ್ಟಿತನ ನೋಡುವ, ಮೂರು ವರ್ಷಕ್ಕೊಮ್ಮೆಯ ಹೈಡ್ರೋ ಟೆಸ್ಟಿಗೆ ನನಗೆ ಎರಡೂವರೆ ಸಾವಿರದಷ್ಟು ಬೀಳುತ್ತದೆ. ಸಿಲಿಂಡರ್ ಮುಟ್ಟದೆ ಪ್ರಮಾಣಪತ್ರ ಮಾತ್ರ ಕೊಡುವವರು ಇದಕ್ಕಿಂತ ಅಗ್ಗ, ಆದರೆ ಅವರಿಗೆ ಕೊಟ್ಟ ಹಣ ನೀರಿಗೆ ಎಸೆದಂತೆ. ಟೆಸ್ಟಿನಿಂದ ಮರಳಿ ಕೂರಿಸಿದ ದಿನವೇ ಚೀಲದ ಪರೀಕ್ಷೆಯನ್ನು ತಪ್ಪದೆ ಮಾಡುತ್ತೇನೆ, ಏಕೆಂದರೆ ಬಿಚ್ಚಿ ಜೋಡಿಸಿದ ಕೀಲಿಗಿಂತ ಹೆಚ್ಚು ಅನುಮಾನಿಸಬೇಕಾದ ಜಾಗ ಈ ಕಾರಿನಲ್ಲಿ ಇನ್ನೊಂದಿಲ್ಲ.