ಇ-ಸ್ಪೋರ್ಟ್ಸ್‌ನ ಅಬ್ಬರವನ್ನು ತೂಗಿ ನೋಡುವುದು ಹೇಗೆ

ಸ್ಪರ್ಧಾತ್ಮಕ ವಿಡಿಯೋ ಗೇಮಿಂಗ್, ಅಂದರೆ ಇ-ಸ್ಪೋರ್ಟ್ಸ್, ಕುರಿತು ಇಂದು ಕೇಳಿಬರುವ ಮಾತುಗಳಲ್ಲಿ ಹೆಚ್ಚಿನವು ಎರಡು ತುದಿಗಳಿಗೆ ಸೇರಿದವು. ಇದು ಹಳೆಯ ಕ್ರೀಡೆಗಳನ್ನೆಲ್ಲ ಹಿಂದಿಕ್ಕಲಿರುವ ಉದ್ಯಮ, ಹದಿಹರೆಯದವರು ಕೋಟಿಗಟ್ಟಲೆ ಗಳಿಸುವ ದಾರಿ ಎಂಬುದು ಒಂದು ತುದಿ. ಇದೆಲ್ಲ ಬರಿಯ ಕಾಲಹರಣ, ನಾಲ್ಕು ದಿನದ ಗೀಳು ಎಂಬುದು ಇನ್ನೊಂದು. ಹೀಗೆ ಮಾತನಾಡುವವರಲ್ಲಿ ಅನೇಕರು ಒಂದು ಪಂದ್ಯವನ್ನಾದರೂ ಆರಂಭದಿಂದ ಕೊನೆಯವರೆಗೆ ಅರ್ಥಮಾಡಿಕೊಂಡು ನೋಡಿದವರಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಮೊದಲು ಆಟ ನೋಡುವುದನ್ನು, ಆಮೇಲೆ ಅದರ ಸುತ್ತ ಎದ್ದಿರುವ ಅಂಕಿಗಳನ್ನೂ ಭರವಸೆಗಳನ್ನೂ ತೂಗುವುದನ್ನು, ಕೊನೆಗೆ ಆಡಿಯೇ ಬದುಕಬೇಕೆನ್ನುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ವಿವರಿಸಿದ್ದೇನೆ. ಈ ಆಟಗಳ ಮೇಲೆ ನನಗೆ ಪ್ರೀತಿಯಿದೆ. ಆ ಪ್ರೀತಿಯ ಕಾರಣಕ್ಕೇ ಅವುಗಳ ಹೆಸರಿನಲ್ಲಿ ಹಬ್ಬುವ ಉತ್ಪ್ರೇಕ್ಷೆ ನನ್ನನ್ನು ಕಾಡುತ್ತದೆ.

ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಿ. 1972ರ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ‘ಸ್ಪೇಸ್‌ವಾರ್’ ಆಟದ ಪಂದ್ಯಾವಳಿ ನಡೆಯಿತು. ಗೆದ್ದವರಿಗೆ ಸಿಕ್ಕಿದ್ದು ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಒಂದು ವರ್ಷದ ಚಂದಾ. 1980ರಲ್ಲಿ ಅಟಾರಿ ಸಂಸ್ಥೆ ಏರ್ಪಡಿಸಿದ ‘ಸ್ಪೇಸ್ ಇನ್ವೇಡರ್ಸ್’ ಸ್ಪರ್ಧೆಯಲ್ಲಿ ಸುಮಾರು 10,000 ಮಂದಿ ಆಡಿದರು. 1997ರಲ್ಲಿ ‘ಕ್ವೇಕ್’ ಆಟದ ಸ್ಪರ್ಧೆಯೊಂದನ್ನು ಗೆದ್ದ ಡೆನ್ನಿಸ್ ಫಾಂಗ್, ಆ ಆಟದ ರಚನಕಾರರಲ್ಲೊಬ್ಬರಾದ ಜಾನ್ ಕಾರ್ಮ್ಯಾಕ್ ಅವರ ಫೆರಾರಿ ಕಾರನ್ನೇ ಬಹುಮಾನವಾಗಿ ಪಡೆದರು. ಆದರೆ ಇದು ವೃತ್ತಿಯ ರೂಪ ತಳೆದದ್ದು ದಕ್ಷಿಣ ಕೊರಿಯಾದಲ್ಲಿ. 1997ರ ಆರ್ಥಿಕ ಬಿಕ್ಕಟ್ಟಿನ ನಂತರ ಅಲ್ಲಿ ವೇಗದ ಇಂಟರ್‌ನೆಟ್ ಜಾಲ ದೇಶವ್ಯಾಪಿಯಾಯಿತು, ಗಂಟೆಯ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆಗೆ ಕೊಡುವ ‘ಪಿಸಿ ಬಾಂಗ್’ಗಳು ಬೀದಿಬೀದಿಯಲ್ಲಿ ತೆರೆದವು, 1998ರಲ್ಲಿ ಬಂದ ‘ಸ್ಟಾರ್‌ಕ್ರಾಫ್ಟ್’ ಅಲ್ಲಿ ಮನೆಮಾತಾಯಿತು, 2000ದ ಹೊತ್ತಿಗೆ ಗೇಮ್ ಪಂದ್ಯಗಳಿಗಾಗಿಯೇ ಟಿವಿ ವಾಹಿನಿಯೂ ಆಟಗಾರರಿಗಾಗಿ ಒಂದು ಅಧಿಕೃತ ಒಕ್ಕೂಟವೂ ಹುಟ್ಟಿದವು. ಜಗತ್ತಿನ ಉಳಿದ ಭಾಗಗಳಿಗೆ ಅದೇ ಬಗೆಯ ತಿರುವು 2011ರಲ್ಲಿ ಟ್ವಿಚ್ ನೇರಪ್ರಸಾರ ತಾಣದೊಂದಿಗೆ ಬಂತು. ಮೂರೇ ವರ್ಷಗಳಲ್ಲಿ ಅಮೆಜಾನ್ ಅದನ್ನು ಸುಮಾರು 97 ಕೋಟಿ ಡಾಲರ್‌ಗೆ ಕೊಂಡಿತು. ಈ ಇತಿಹಾಸವನ್ನು ತಿಳಿಯಬೇಕಾದ ಕಾರಣ ಇಷ್ಟೇ: ಒಂದೊಂದು ನೆಗೆತದ ಹಿಂದೆಯೂ ನೋಡುಗರನ್ನು ತಲುಪುವ ಒಂದು ಹೊಸ, ಅಗ್ಗದ ಹಾದಿ ಇತ್ತು. ಜನ ಎಲ್ಲ ಕಾಲದಲ್ಲೂ ಆಡುತ್ತಲೇ ಇದ್ದರು, ಬದಲಾದದ್ದು ನೋಡುವ ಅನುಕೂಲ.

ನೋಡಲು ಕುಳಿತಾಗ ಒಂದೇ ಆಟವನ್ನು ಆರಿಸಿಕೊಳ್ಳಿ ಮತ್ತು ಒಂದು ಪಂದ್ಯಾವಳಿ ಮುಗಿಯುವವರೆಗೆ ಅದನ್ನು ಬಿಡಬೇಡಿ. ಇಬ್ಬರೇ ಎದುರುಬದುರಾಗುವ ‘ಸ್ಟ್ರೀಟ್ ಫೈಟರ್’, ‘ಟೆಕ್ಕನ್’ನಂಥ ಹೊಡೆದಾಟದ ಆಟಗಳು ಹೊಸಬರಿಗೆ ಸುಲಭ, ಯಾರ ಶಕ್ತಿ ಎಷ್ಟು ಉಳಿದಿದೆ ಎಂಬುದು ಪರದೆಯ ಮೇಲಿನ ಪಟ್ಟಿಯಲ್ಲೇ ಕಾಣುತ್ತದೆ. ‘ಲೀಗ್ ಆಫ್ ಲೆಜೆಂಡ್ಸ್’, ‘ಡೋಟಾ 2’ರಂಥ ಆಟಗಳಲ್ಲಿ ನೂರಕ್ಕೂ ಹೆಚ್ಚು ಪಾತ್ರಗಳಿರುವುದರಿಂದ, ಆಡದೇ ಇದ್ದವರಿಗೆ ಮೊದಲ ಕೆಲವು ಪಂದ್ಯಗಳು ಬರಿಯ ಬೆಳಕಿನ ಗದ್ದಲವಾಗಿ ಕಾಣುತ್ತವೆ. ನಡುವಿನ ದಾರಿ ‘ಕೌಂಟರ್-ಸ್ಟ್ರೈಕ್’. ಐವರು ಐವರ ವಿರುದ್ಧ. ಒಂದು ತಂಡ ಬಾಂಬ್ ಇಡಬೇಕು, ಇನ್ನೊಂದು ತಡೆಯಬೇಕು. 12 ಸುತ್ತುಗಳಾದ ಮೇಲೆ ಪಾತ್ರಗಳು ಅದಲುಬದಲಾಗುತ್ತವೆ. ಮೊದಲು 13 ಸುತ್ತು ಗೆದ್ದವರಿಗೆ ಆ ಆಟ ಸೇರುತ್ತದೆ. ನಿಯಮವನ್ನು ಇಷ್ಟರಲ್ಲಿ ಹೇಳಿ ಮುಗಿಸಬಹುದು, ಆದರೆ ಆಟದ ತಿರುಳು ಇರುವುದು ಗುಂಡಿನ ಸದ್ದಿನಲ್ಲಲ್ಲ, ಹಣದ ಲೆಕ್ಕದಲ್ಲಿ.

ಪರದೆಯ ಮೇಲೆ ಪ್ರತಿ ಆಟಗಾರನ ಹೆಸರಿನ ಪಕ್ಕದಲ್ಲಿ ಒಂದು ಮೊತ್ತ ಕಾಣುತ್ತದೆ; ಅದು ಆಟದೊಳಗಿನ ಹಣ. ಮೊದಲ ಸುತ್ತಿಗೆ ಎಲ್ಲರ ಬಳಿಯೂ ಇರುವುದು 800 ಡಾಲರ್, ಅಂದರೆ ಪಿಸ್ತೂಲಿನ ಜೊತೆಗೆ ಒಂದೆರಡು ಸಣ್ಣ ವಸ್ತುಗಳಿಗೆ ಸಾಲುವಷ್ಟು ಮಾತ್ರ. ಒಳ್ಳೆಯ ಬಂದೂಕೊಂದಕ್ಕೆ 2,700, ದೂರದಿಂದ ಒಂದೇ ಗುಂಡಿಗೆ ಕೆಡವುವ ‘ಆಪ್’ ಎಂಬ ಬಂದೂಕಿಗೆ 4,750 ಬೇಕು. ಗೆದ್ದವರಿಗೆ ಹೆಚ್ಚು ಹಣ ಬರುತ್ತದೆ. ಸತತವಾಗಿ ಸೋಲುವವರಿಗೂ ಪರಿಹಾರಧನ ಏರುತ್ತಾ ಹೋಗಿ ಒಂದು ಮಿತಿಯಲ್ಲಿ ನಿಲ್ಲುತ್ತದೆ. ಈಗ ಒಂದು ಸನ್ನಿವೇಶವನ್ನು ಗಮನಿಸಿ: ಎದುರಾಳಿಗಳು ಬಾಂಬ್ ಇಟ್ಟಾಗಿದೆ, ಅವರಲ್ಲಿ ಮೂವರು ಜೀವಂತ ಇದ್ದಾರೆ, ಈ ಕಡೆ ಉಳಿದಿರುವವನು ಒಬ್ಬನೇ, ಅವನ ಕೈಯಲ್ಲಿ ‘ಆಪ್’ ಇದೆ. ಅವನು ಬಾಂಬಿನತ್ತ ಹೋಗುವ ಬದಲು ಆಟದ ಕಣದ ಮೂಲೆಯೊಂದಕ್ಕೆ ಸರಿದು ಸದ್ದಿಲ್ಲದೆ ನಿಲ್ಲುತ್ತಾನೆ. ಹೊಸ ನೋಡುಗರಿಗೆ ಅದು ಹೇಡಿತನವೆನಿಸುತ್ತದೆ. ವಾಸ್ತವದಲ್ಲಿ ಅವನು, ಹೇಗೂ ಕೈಬಿಟ್ಟ ಸುತ್ತನ್ನು ಬಿಟ್ಟುಕೊಟ್ಟು, ಮುಂದಿನ ಸುತ್ತಿಗೆ ತನ್ನ ಬಂದೂಕನ್ನು, ಅಂದರೆ 4,750 ಡಾಲರನ್ನು, ಉಳಿಸುತ್ತಿದ್ದಾನೆ. ಎದುರಾಳಿಗಳಿಗೂ ಅದು ಗೊತ್ತು. ಅವನನ್ನು ಹುಡುಕಿ ಹೋಗಬೇಕೇ, ಹೋಗಿ ತಮ್ಮ ಬಂದೂಕುಗಳನ್ನೂ ಕಳೆದುಕೊಳ್ಳುವ ಅಪಾಯ ತೆಗೆದುಕೊಳ್ಳಬೇಕೇ ಎಂದು ಅವರು ಆ ಕೆಲವೇ ಸೆಕೆಂಡುಗಳಲ್ಲಿ ನಿರ್ಧರಿಸಬೇಕು. ಈ ಮೌನದ ಗಳಿಗೆಯಲ್ಲಿ ವೀಕ್ಷಕ ವಿವರಣೆಗಾರರ ಧ್ವನಿ ಏಕೆ ಏರುತ್ತದೆ ಎಂಬುದು ನಿಮಗೆ ತಾನಾಗಿ ತಿಳಿದ ದಿನ, ನೀವು ಆಟವನ್ನು ನೋಡಲು ಕಲಿತಿದ್ದೀರಿ ಎಂದರ್ಥ. ಅಲ್ಲಿಯವರೆಗೆ ಬಂದೂಕಿನ ಗುರಿಯನ್ನು ಬಿಟ್ಟು ಆ ಮೊತ್ತಗಳ ಮೇಲೆಯೇ ಕಣ್ಣಿಡಿ.

ಹಾಗೆಯೇ, ಒಂದು ನಿಮಿಷದ ತುಣುಕು ವಿಡಿಯೋಗಳನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಇ-ಸ್ಪೋರ್ಟ್ಸ್ ಇತಿಹಾಸದ ಅತ್ಯಂತ ಪ್ರಸಿದ್ಧ ತುಣುಕು 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ‘ಇವೋ’ ಪಂದ್ಯಾವಳಿಯ ‘ಸ್ಟ್ರೀಟ್ ಫೈಟರ್’ ಪಂದ್ಯವೊಂದರದು. ಜಪಾನಿನ ಡೈಗೋ ಉಮೆಹಾರಾ ಅವರ ಪಾತ್ರದಲ್ಲಿ ಕೂದಲೆಳೆಯಷ್ಟು ಶಕ್ತಿ ಮಾತ್ರ ಉಳಿದಿತ್ತು. ಎದುರಾಳಿ ಜಸ್ಟಿನ್ ವಾಂಗ್ 15 ಹೊಡೆತಗಳ ಸರಣಿಯೊಂದನ್ನು ಪ್ರಯೋಗಿಸಿದರು. ಮಾಮೂಲಿನಂತೆ ಅಡ್ಡ ಕೈ ಹಿಡಿದು ತಡೆದಿದ್ದರೂ, ಆ ತಡೆಯನ್ನು ದಾಟಿ ತಗಲುವ ಅಲ್ಪ ಪೆಟ್ಟಿಗೇ ಪಾತ್ರ ಸಾಯುತ್ತಿತ್ತು. ಆದ್ದರಿಂದ ಉಮೆಹಾರಾ ಪ್ರತಿ ಹೊಡೆತವೂ ತಗಲುವ ಕ್ಷಣಕ್ಕೆ ಸರಿಯಾಗಿ ಜಾಯ್‌ಸ್ಟಿಕ್ ಕೋಲನ್ನು ಎದುರಾಳಿಯತ್ತಲೇ ಒತ್ತುತ್ತಾ, ಹದಿನೈದನ್ನೂ ನಿಷ್ಫಲಗೊಳಿಸಿ, ಮರುಹೊಡೆತದಲ್ಲಿ ಆ ಸುತ್ತನ್ನು ಗೆದ್ದರು. ಸಭಾಂಗಣ ಎದ್ದು ಕೂಗಿದ್ದನ್ನು ಇಂದಿಗೂ ಜನ ನೋಡುತ್ತಾರೆ. ಆ ವರ್ಷ ಅದೇ ಆಟದ ಫೈನಲ್‌ನಲ್ಲಿ ಉಮೆಹಾರಾ ಸೋತರು ಎಂಬುದು ಆ ತುಣುಕನ್ನು ನೋಡಿದ ಎಷ್ಟೋ ಜನರಿಗೆ ಗೊತ್ತಿಲ್ಲ. ತುಣುಕುಗಳು ಸುಳ್ಳು ಹೇಳುವುದಿಲ್ಲ, ಆದರೆ ಪಂದ್ಯದ ಹಿಂದುಮುಂದನ್ನು ಕತ್ತರಿಸಿ ಕೊಡುತ್ತವೆ. ಈ ಸಂಸ್ಕೃತಿಯ ಅಬ್ಬರದಲ್ಲಿ ಬಹುಪಾಲು ಇಂಥ ತುಣುಕುಗಳಿಂದಲೇ ಕಟ್ಟಿದ್ದು.

ಇನ್ನು ಅಂಕಿಗಳ ವಿಚಾರ. ‘ಇಷ್ಟು ಕೋಟಿ ಜನ ನೋಡಿದರು’ ಎಂಬ ಶೀರ್ಷಿಕೆ ಕಂಡರೆ, ಅದು ಯಾವ ಬಗೆಯ ಎಣಿಕೆ ಎಂದು ಮೊದಲು ಹುಡುಕಿ. ‘ಲೀಗ್ ಆಫ್ ಲೆಜೆಂಡ್ಸ್’ನ 2019ರ ವಿಶ್ವ ಫೈನಲ್‌ಗೆ ಅದರ ಒಡೆಯರಾದ ರಯಟ್ ಗೇಮ್ಸ್ ಸಂಸ್ಥೆಯೇ ಎರಡು ಸಂಖ್ಯೆಗಳನ್ನು ಕೊಟ್ಟಿತು: ಒಂದೇ ಹೊತ್ತಿನಲ್ಲಿ ನೋಡುತ್ತಿದ್ದವರ ಗರಿಷ್ಠ ಸಂಖ್ಯೆ 4.4 ಕೋಟಿ, ಪ್ರತಿ ನಿಮಿಷದ ಸರಾಸರಿ ನೋಡುಗರು ಸುಮಾರು 2.18 ಕೋಟಿ. ಒಂದೇ ಪಂದ್ಯ, ಎರಡರಷ್ಟು ಅಂತರ. ಟಿವಿ ಕ್ರೀಡೆಗಳ ಜೊತೆ ಹೋಲಿಸುವಾಗ ಬಳಸಬೇಕಾದದ್ದು ಸರಾಸರಿಯನ್ನು; ಶೀರ್ಷಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಗರಿಷ್ಠ ಸಂಖ್ಯೆ. ಒಟ್ಟು ‘ವೀಕ್ಷಣೆ’ಗಳ ಎಣಿಕೆಯಂತೂ ಇನ್ನೂ ಸಡಿಲ, ಏಕೆಂದರೆ ಬೇರೊಂದು ಪುಟ ತೆರೆದಾಗ ತಾನಾಗಿ ಓಡುವ ವಿಡಿಯೋ ಕೂಡ ಅದರಲ್ಲಿ ಸೇರಿರಬಹುದು.

ಬಹುಮಾನದ ಮೊತ್ತವನ್ನು ಓದುವಾಗ, ಹಣ ಎಲ್ಲಿಂದ ಬಂತು ಎಂದು ಕೇಳಿ. ‘ಡೋಟಾ 2’ರ ‘ದಿ ಇಂಟರ್‌ನ್ಯಾಷನಲ್’ 2011ರಲ್ಲಿ 16 ಲಕ್ಷ ಡಾಲರ್‌ನೊಂದಿಗೆ ಆರಂಭವಾಯಿತು. 2013ರಿಂದ, ಅಭಿಮಾನಿಗಳು ಆಟದೊಳಗೆ ಕೊಳ್ಳುವ ವಿಶೇಷ ಪಾಸ್‌ನ ಮಾರಾಟದಲ್ಲಿ ಕಾಲು ಭಾಗ ಬಹುಮಾನಕ್ಕೆ ಸೇರತೊಡಗಿತು. 2021ರಲ್ಲಿ ಮೊತ್ತ 4 ಕೋಟಿ ಡಾಲರ್ ದಾಟಿತು. ಆ ವ್ಯವಸ್ಥೆಯನ್ನು ಆಟದ ಕಂಪನಿ ಬದಲಾಯಿಸಿದ ಮೇಲೆ, 2023ರಲ್ಲಿ ಅದೇ ಪಂದ್ಯಾವಳಿಯ ಬಹುಮಾನ ಸುಮಾರು 31 ಲಕ್ಷ ಡಾಲರ್‌ಗೆ ಇಳಿಯಿತು. ಆಟದ ಗುಣಮಟ್ಟವೇನೂ ಹತ್ತು ಪಟ್ಟು ಕುಸಿದಿರಲಿಲ್ಲ. ಆ 4 ಕೋಟಿ ಅಭಿಮಾನಿಗಳ ಕೊಳ್ಳುವಿಕೆಯ ಅಳತೆಯಾಗಿತ್ತೇ ಹೊರತು, ವೃತ್ತಿಯ ಸ್ಥಿರತೆಯ ಅಳತೆಯಾಗಿರಲಿಲ್ಲ.

ಇಲ್ಲಿಂದಲೇ ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದಿರುವ ಪ್ರಶ್ನೆ ಹುಟ್ಟುತ್ತದೆ: ಈ ಆಟದ ಒಡೆಯರು ಯಾರು? ಫುಟ್‌ಬಾಲ್‌ಗೂ ಚದುರಂಗಕ್ಕೂ ಒಡೆಯರಿಲ್ಲ. ಒಕ್ಕೂಟವೊಂದು ಮುಚ್ಚಿದರೂ ಆಟ ಉಳಿಯುತ್ತದೆ. ವಿಡಿಯೋ ಗೇಮ್ ಹಾಗಲ್ಲ, ಅದು ಒಂದು ಕಂಪನಿಯ ಆಸ್ತಿ. ನಿಯಮ, ಪ್ರಸಾರದ ಹಕ್ಕು, ಪಂದ್ಯಾವಳಿಗೆ ಅನುಮತಿ ಎಲ್ಲವೂ ಅದರ ಕೈಯಲ್ಲಿ. ಬ್ಲಿಝಾರ್ಡ್ ಸಂಸ್ಥೆ 2018ರ ಡಿಸೆಂಬರ್‌ನಲ್ಲಿ ‘ಹೀರೋಸ್ ಆಫ್ ದಿ ಸ್ಟಾರ್ಮ್’ ಆಟದ ವೃತ್ತಿಪರ ಲೀಗ್ ಮುಂದಿನ ವರ್ಷ ಇರುವುದಿಲ್ಲವೆಂದು ಪ್ರಕಟಿಸಿದಾಗ, ಅದನ್ನೇ ನೆಚ್ಚಿದ್ದ ಆಟಗಾರರು, ತರಬೇತುದಾರರು, ವಿವರಣೆಗಾರರು ಒಮ್ಮೆಲೇ ಕೆಲಸವಿಲ್ಲದವರಾದರು. ಅದೇ ವರ್ಷ ನಗರಗಳ ಹೆಸರಿನ ತಂಡಗಳೊಂದಿಗೆ ಭಾರೀ ಬಂಡವಾಳದಲ್ಲಿ ಆರಂಭವಾದ ‘ಓವರ್‌ವಾಚ್ ಲೀಗ್’ 2023ರಲ್ಲಿ ಕೊನೆಗೊಂಡಿತು. ತಂಡಗಳ ಮೌಲ್ಯದ ಬಗೆಗಿನ ಮಾತುಗಳನ್ನೂ ಇದೇ ಎಚ್ಚರದಿಂದ ಓದಿ: 2022ರಲ್ಲಿ ಸುಮಾರು 72.5 ಕೋಟಿ ಡಾಲರ್ ಮೌಲ್ಯ ಕಟ್ಟಿಕೊಂಡು ಷೇರುಪೇಟೆಗೆ ಬಂದ ಫೇಜ್ ಕ್ಲ್ಯಾನ್, ಮರುವರ್ಷವೇ ಸುಮಾರು 1.7 ಕೋಟಿ ಡಾಲರ್‌ನ ಒಪ್ಪಂದದಲ್ಲಿ ಇನ್ನೊಂದು ಕಂಪನಿಯ ಪಾಲಾಗುವುದೆಂದು ಪ್ರಕಟವಾಯಿತು.

ಘೋಷಣೆಗೂ ನಡೆದ ಸಂಗತಿಗೂ ನಡುವಿನ ಅಂತರವನ್ನೂ ಗಮನಿಸಿ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, 2023ರಲ್ಲಿ, ಇ-ಸ್ಪೋರ್ಟ್ಸ್‌ನ ಏಳು ಸ್ಪರ್ಧೆಗಳಿಗೆ ಪದಕ ನೀಡಿದ್ದು ನಡೆದ ಸಂಗತಿ. ಸೌದಿ ಅರೇಬಿಯಾದಲ್ಲಿ ಒಲಿಂಪಿಕ್ ಇ-ಸ್ಪೋರ್ಟ್ಸ್ ಕ್ರೀಡಾಕೂಟ ನಡೆಯುವುದೆಂದು 2024ರಲ್ಲಿ ಹೇಳಿದ್ದು ಘೋಷಣೆ. ಅದು ಮೊದಲು 2027ಕ್ಕೆ ಮುಂದೂಡಲ್ಪಟ್ಟಿತು, 2025ರ ಅಕ್ಟೋಬರ್‌ನಲ್ಲಿ ಅದಕ್ಕಾಗಿ ಒಲಿಂಪಿಕ್ ಸಮಿತಿಯೂ ಸೌದಿಯೂ ಮಾಡಿಕೊಂಡಿದ್ದ ಪಾಲುದಾರಿಕೆಯೇ ಮುರಿದುಬಿತ್ತು. ಬಾಜಿಯ ನೆರಳೂ ಈ ಕ್ಷೇತ್ರಕ್ಕೆ ಹೊಸದಲ್ಲ. ಕೊರಿಯಾದ ‘ಸ್ಟಾರ್‌ಕ್ರಾಫ್ಟ್’ ರಂಗ 2010ರಲ್ಲಿ ಮ್ಯಾಚ್ ಫಿಕ್ಸಿಂಗ್ ಹಗರಣದಿಂದ ತತ್ತರಿಸಿತು. ಸಣ್ಣ ಪಂದ್ಯಾವಳಿಯೊಂದರ ಪ್ರಸಾರದಲ್ಲಿ ಬಾಜಿ ಕಂಪನಿಗಳ ಜಾಹೀರಾತು ಆಟಕ್ಕಿಂತ ಹೆಚ್ಚು ಕಂಡರೆ, ಆ ಫಲಿತಾಂಶಗಳನ್ನು ಅಷ್ಟಕ್ಕಷ್ಟೇ ನಂಬಿ.

ಈಗ ಆಡಿಯೇ ಬದುಕಬೇಕೆನ್ನುವವರ ಮತ್ತು ಅವರ ಹೆತ್ತವರ ವಿಚಾರ. 2019ರ ‘ಫೋರ್ಟ್‌ನೈಟ್’ ವಿಶ್ವಕಪ್‌ನಲ್ಲಿ 16 ವರ್ಷದ ಕೈಲ್ ಗಿಯರ್ಸ್‌ಡಾರ್ಫ್ 30 ಲಕ್ಷ ಡಾಲರ್ ಗೆದ್ದದ್ದು ನಿಜ. ‘ಫೇಕರ್’ ಎಂದೇ ಹೆಸರಾದ ಲೀ ಸಾಂಗ್-ಹ್ಯೋಕ್ 2013ರಿಂದ 2025ರವರೆಗೆ ‘ಲೀಗ್ ಆಫ್ ಲೆಜೆಂಡ್ಸ್’ ವಿಶ್ವ ಪ್ರಶಸ್ತಿಯನ್ನು ಆರು ಬಾರಿ ಗೆದ್ದದ್ದೂ ನಿಜ. ಆದರೆ ಇವರನ್ನು ಮಾದರಿಯಾಗಿಟ್ಟು ಲೆಕ್ಕ ಹಾಕಬೇಡಿ. ಫೇಕರ್ ತಂಡಕ್ಕೆ ಸೇರುವ ಮೊದಲೇ, ಶಾಲಾ ವಿದ್ಯಾರ್ಥಿಯಾಗಿದ್ದಾಗಲೇ, ಕೊರಿಯಾದ ಆನ್‌ಲೈನ್ ಶ್ರೇಯಾಂಕದ ತುದಿಯಲ್ಲಿದ್ದರು. ಅಲ್ಲಿಯೇ ಮೊದಲ ಪರೀಕ್ಷೆ ಇದೆ: ಹೆಚ್ಚಿನ ಆಟಗಳಲ್ಲಿ ಶ್ರೇಯಾಂಕ ಬಹಿರಂಗವಾಗಿರುವುದರಿಂದ, ನೀವು ನಿಮ್ಮ ಪ್ರದೇಶದ ಸರ್ವರ್‌ನಲ್ಲಿ ಎಲ್ಲಿದ್ದೀರಿ ಎಂಬುದನ್ನು ಯಾರ ಅಭಿಪ್ರಾಯವೂ ಇಲ್ಲದೆ ತಿಳಿಯಬಹುದು. ಮೇಲಿನ ಕೆಲವು ನೂರು ಹೆಸರುಗಳಲ್ಲಿ ಇಲ್ಲದವರು, ಎಷ್ಟು ಚೆನ್ನಾಗಿ ಆಡಿದರೂ, ಓದು ಬಿಡುವ ಮಾತನ್ನು ಸದ್ಯಕ್ಕೆ ಎತ್ತಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗೆಳೆಯರ ಗುಂಪಿನಲ್ಲಿ ಯಾವಾಗಲೂ ಗೆಲ್ಲುವುದು ಇದಕ್ಕೆ ಸಾಕ್ಷಿಯಾಗಲಾರದು.

ದೇಹದ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚೀನಾದ ಪ್ರಖ್ಯಾತ ಆಟಗಾರ ‘ಉಜಿ’ 2020ರಲ್ಲಿ, 23ನೆಯ ವಯಸ್ಸಿನಲ್ಲಿ, ಎರಡನೆಯ ಬಗೆಯ ಮಧುಮೇಹವೂ ಸೇರಿದಂತೆ ಆರೋಗ್ಯದ ಕಾರಣಗಳನ್ನು ನೀಡಿ ನಿವೃತ್ತಿ ಘೋಷಿಸಿದರು. ಆಮೇಲೆ ಮರಳಿ ಬಂದರಾದರೂ ಆ ಪ್ರಕಟಣೆ ಇಡೀ ರಂಗವನ್ನೇ ಬೆಚ್ಚಿಬೀಳಿಸಿತ್ತು. ಮಣಿಕಟ್ಟಿನ ನೋವು, ನಿದ್ದೆಗೇಡು, ಕುತ್ತಿಗೆ ಬಿಗಿತ ಇಲ್ಲಿ ಮಾಮೂಲು. ಅಭ್ಯಾಸದ ಗಂಟೆಗಳನ್ನು ಹೆಚ್ಚಿಸುವುದಕ್ಕಿಂತ, ಆಡಿದ ಪಂದ್ಯದ ದೃಶ್ಯಮುದ್ರಿತ ಪ್ರತಿಯನ್ನು ಮತ್ತೆ ನೋಡಿ, ಪ್ರತಿ ಸೋಲಿನಲ್ಲಿ ಒಂದೇ ಒಂದು ತಪ್ಪು ನಿರ್ಧಾರವನ್ನು ಗುರುತಿಸಿ ಬರೆದಿಡುವುದು ಹೆಚ್ಚು ಫಲ ಕೊಡುತ್ತದೆ.

ತಂಡವೊಂದು ಕರೆದರೆ, ಸಹಿ ಹಾಕುವ ಮೊದಲು ಕರಾರುಪತ್ರವನ್ನು ವಕೀಲರೊಬ್ಬರಿಗೆ ತೋರಿಸಿ. ಆಟಗಾರ ಅಪ್ರಾಪ್ತನಾಗಿದ್ದರೆ ಹೆತ್ತವರು ಅದನ್ನು ಪೂರ್ತಿ ಓದಲೇಬೇಕು. ಸಂಬಳ ತಿಂಗಳಿಗೆ ಎಷ್ಟು ಎಂಬುದಷ್ಟೇ ಮುಖ್ಯವಲ್ಲ. ಬಹುಮಾನದಲ್ಲಿ ತಂಡದ ಪಾಲು ಎಷ್ಟು, ಅದು ಆಟಗಾರನ ಕೈಗೆ ಎಷ್ಟು ದಿನದೊಳಗೆ ಬರಬೇಕು, ಆಟಗಾರನ ಸ್ವಂತ ನೇರಪ್ರಸಾರದ ಗಳಿಕೆ ಯಾರದ್ದು, ಅವನ ಹೆಸರು ಮತ್ತು ಮುಖವನ್ನು ಜಾಹೀರಾತಿಗೆ ಬಳಸುವ ಹಕ್ಕು ಎಲ್ಲಿಯವರೆಗೆ, ಅವನನ್ನು ಬದಲಿ ಆಟಗಾರನಾಗಿ ಕೂರಿಸಿದರೆ ಸಂಬಳ ಇಳಿಯುತ್ತದೆಯೇ, ಬೇರೆ ತಂಡಕ್ಕೆ ಹೋಗಬೇಕಾದರೆ ಕಟ್ಟಬೇಕಾದ ಬಿಡುಗಡೆ ಶುಲ್ಕ ಎಷ್ಟು ಎಂಬ ಪ್ರತಿಯೊಂದಕ್ಕೂ ಬರಹದಲ್ಲಿ ಉತ್ತರವಿರಬೇಕು. ಆಟದ ಕಂಪನಿ ಲೀಗನ್ನೇ ನಿಲ್ಲಿಸಿದರೆ ಕರಾರು ಏನಾಗುತ್ತದೆ ಎಂಬ ಪ್ರಶ್ನೆಯನ್ನೂ ಕೇಳಿ. ಅದಕ್ಕೆ ಬಾಯಿಮಾತಿನ ಭರವಸೆ ಮಾತ್ರ ಸಿಕ್ಕರೆ, ಆ ಸಾಲು ಕರಾರುಪತ್ರದೊಳಗೆ ಸೇರುವವರೆಗೆ ಸಹಿಯನ್ನು ತಡೆಹಿಡಿಯಿರಿ.