ಹತ್ತದ ಮೆಣಸಿನ ಬಳ್ಳಿ ನನಗೆ ಕಲಿಸಿದ್ದು

ಚನ್ನಗಿರಿ ತಾಲ್ಲೂಕಿನಲ್ಲಿ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಭದ್ರಾ ಕಾಲುವೆ ನೀರು ಇದೆ, ಅದು ನಿಂತಾಗ ಬೋರ್‌ವೆಲ್. ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿಸಬೇಕು ಅನ್ನುವ ಆಸೆ ನನಗೆ ತುಂಬಾ ದಿನದಿಂದ ಇತ್ತು. ಮರ ಇದೆ, ನೆರಳಿದೆ, ನೀರು ಹೇಗೂ ಕೊಡುತ್ತೇವೆ. ಬುಡಕ್ಕೊಂದು ಬಳ್ಳಿ ನೆಟ್ಟರೆ ಆಯ್ತು ಅಂದುಕೊಂಡಿದ್ದೆ.

ಒಂದು ನರ್ಸರಿಯಿಂದ 200 ಗಿಡ ತಂದು ಜೂನ್ ಮಳೆಗೆ ನೆಟ್ಟೆ. ಮುಂದಿನ ಮಳೆಗಾಲಕ್ಕೆ ಸುಮಾರು 60 ಗಿಡಗಳು ಮೊಣಕಾಲೆತ್ತರದಲ್ಲೇ ಹೂ ಬಿಟ್ಟವು. ಮೂರು ನಾಲ್ಕು ವರ್ಷ ಕಾಯಬೇಕು ಅಂತ ಎಲ್ಲರೂ ಹೇಳುತ್ತಿದ್ದರು, ನನಗೆ ಒಂದೇ ವರ್ಷಕ್ಕೆ ಬಂತಲ್ಲ ಅಂತ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ಉಳಿದ ಗಿಡಗಳು ನಿಧಾನವಾಗಿ ಮರ ಹತ್ತುತ್ತಿದ್ದವು. ಇವು ಮಾತ್ರ ಹತ್ತಲಿಲ್ಲ. ಬಾಳೆ ನಾರಿನಿಂದ ಮರಕ್ಕೆ ಕಟ್ಟಿದೆ. ಗೊಬ್ಬರ ಜಾಸ್ತಿ ಹಾಕಿದೆ. ಪೊದೆಯಾಗಿ ಅಗಲವಾದವೇ ಹೊರತು ಮೇಲೇಳಲಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಸೋದರಮಾವ ಹಬ್ಬಕ್ಕೆ ಬಂದಿದ್ದರು. ತೋಟಕ್ಕೆ ಕರೆದುಕೊಂಡು ಹೋದೆ. ಅವರು ಎಲೆಯನ್ನೂ ನೋಡಲಿಲ್ಲ, ಹೂವನ್ನೂ ನೋಡಲಿಲ್ಲ. ಬಳ್ಳಿಯನ್ನು ಮರದಿಂದ ಬಿಡಿಸಿ ಗೆಣ್ಣು ತಿರುಗಿಸಿ ನೋಡಿದರು.

“ಇಲ್ಲಿ ಬೇರು ಎಲ್ಲಿದೆ ತೋರಿಸು?”

“ಇಲ್ಲ ಮಾವ.”

“ಅಡ್ಡ ಕೊಂಬೆ ಕತ್ತರಿಸಿ ಮಾಡಿದ ಗಿಡ ಕಣೋ ಇದು. ನೀನು ಎಷ್ಟು ಕಟ್ಟಿದ್ರೂ ಹತ್ತಲ್ಲ.”

ಮಾವ ಅವತ್ತು ತೋರಿಸಿದ್ದನ್ನು ನಾನು ಆಮೇಲೆ ದಿನಾ ತೋಟದಲ್ಲಿ ನೋಡಿ ನೋಡಿ ಅರ್ಥ ಮಾಡಿಕೊಂಡೆ. ಮೆಣಸಿನ ಬಳ್ಳಿ ಮಳೆಕಾಡಿನ ಗಿಡ. ಪಶ್ಚಿಮ ಘಟ್ಟವೇ ಅದರ ತವರು. ಅಲ್ಲಿ ನೆಲದಲ್ಲಿ ಬೆಳಕು ಕಡಿಮೆ, ಹಾಗಾಗಿ ಮೊದಲು ಮರ ಹಿಡಿಯಬೇಕು, ಆಮೇಲೆ ಕಾಯಿ. ಈ ಎರಡು ಕೆಲಸಕ್ಕೆ ಅದು ಬೇರೆ ಬೇರೆ ಕೊಂಬೆ ಇಟ್ಟುಕೊಂಡಿದೆ. ಮೇಲೇರುವ ಮುಖ್ಯ ಬಳ್ಳಿಯ ಪ್ರತಿ ಗೆಣ್ಣಿನಲ್ಲೂ ಗಿಡ್ಡ ಬೇರುಗಳಿರುತ್ತವೆ, ಅವು ತೊಗಟೆಯನ್ನು ಕಚ್ಚಿ ಹಿಡಿಯುತ್ತವೆ. ಇದರಿಂದ ಅಡ್ಡಡ್ಡ ಹೊರಡುವ ಕೊಂಬೆಗಳಲ್ಲಿ ಈ ಬೇರು ಇಲ್ಲ. ಹೂವು, ಕಾಯಿ ಎಲ್ಲ ಇವುಗಳಲ್ಲೇ. ಬುಡದಿಂದ ನೆಲದ ಮೇಲೆ ಹರಿಯುವುದು ಹಬ್ಬು ಬಳ್ಳಿ. ಮರದ ತುದಿ ಮುಟ್ಟಿ ಆಸರೆ ಸಿಗದೆ ಕೆಳಗೆ ಇಳಿಬೀಳುವುದು ಜೋತು ಬಳ್ಳಿ. ಎಲೆಯ ಆಕಾರವೂ ಒಂದೇ ಇರುವುದಿಲ್ಲ. ಹಬ್ಬು ಬಳ್ಳಿಯ ಎಲೆ ಅಗಲವಾಗಿ ಹೃದಯದ ಹಾಗೆ, ಅಡ್ಡ ಕೊಂಬೆಯದು ಉದ್ದಕ್ಕೆ. ಒಂದೇ ಬಳ್ಳಿಯ ಎರಡು ಎಲೆ ಕಿತ್ತು ಪಕ್ಕದಲ್ಲಿಟ್ಟರೆ ಬೇರೆ ಬೇರೆ ಗಿಡದ್ದು ಅನ್ನಬೇಕು, ಹಾಗಿರುತ್ತದೆ.

ಯಾವ ಕೊಂಬೆ ಕತ್ತರಿಸಿ ನೆಡುತ್ತೇವೋ ಹೊಸ ಗಿಡ ಅದೇ ಗುಣವನ್ನು ಮುಂದುವರಿಸುತ್ತದೆ. ನನ್ನ 60 ಗಿಡಗಳು ಪಾಪ ತಮ್ಮ ಕೆಲಸವನ್ನೇ ಮಾಡುತ್ತಿದ್ದವು. ಕಾಯಿ ಬಿಡುವ ಕೊಂಬೆಗೆ ನಾನು ಮರ ಹತ್ತು ಅನ್ನುತ್ತಿದ್ದೆ. ಅವನ್ನು ಕಿತ್ತು ಎಸೆಯಲು ಮನಸ್ಸಾಗಲಿಲ್ಲ. ಮಣ್ಣಿನ ಸಮೇತ ಎಬ್ಬಿಸಿ ಸಿಮೆಂಟ್ ಕುಂಡಗಳಿಗೆ ಹಾಕಿದೆ. ಇದನ್ನೇ ಪೊದೆಮೆಣಸು ಅನ್ನುತ್ತಾರೆ. ಅಂಗಳದ ಅರೆನೆರಳಲ್ಲಿ 40 ಉಳಿದಿವೆ. ಸಾರಿಗೆ ಹಸಿ ಕಾಳುಮೆಣಸು ಈಗ ಅಲ್ಲಿಂದಲೇ.

ಗಿಡ ನಾನೇ ಮಾಡಬೇಕು ಅಂತ ಅವತ್ತೇ ತೀರ್ಮಾನಿಸಿದೆ. ಚೆನ್ನಾಗಿ ಕಾಯಿ ಬಿಡುವ ಬಳ್ಳಿಗಳಿಗೆ ಮೊದಲೇ ಗುರುತು ಹಾಕುತ್ತೇನೆ. ಅವುಗಳ ಹಬ್ಬು ಬಳ್ಳಿಯನ್ನು ಬುಡದಲ್ಲಿ ನೆಟ್ಟ ಕೋಲಿಗೆ ಸುತ್ತುತ್ತೇನೆ. ಬಿಟ್ಟರೆ ಸುಮ್ನೆ ನೆಲಕ್ಕೆ ಬೇರು ಇಳಿಸಿಬಿಡುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ಕತ್ತರಿಸಿ, ಎಳೆ ತುದಿಯನ್ನೂ ಬಲಿತ ಬುಡವನ್ನೂ ಬಿಟ್ಟು ನಡುವಿನ ಭಾಗ ತೆಗೆದುಕೊಳ್ಳುತ್ತೇನೆ. ಎರಡು ಮೂರು ಗೆಣ್ಣಿನ ತುಂಡು, ಎಲೆ ತೆಗೆದು ತೊಟ್ಟು ಮಾತ್ರ ಉಳಿಸಬೇಕು. ಒಂದು ಗೆಣ್ಣಾದರೂ ಮಣ್ಣೊಳಗೆ ಹೋಗಲೇಬೇಕು, ಬೇರು ಬರುವುದು ಅಲ್ಲಿಂದ. ನಮ್ಮ ಕಡೆ ಏಪ್ರಿಲ್ ಬಿಸಿಲು, ಒಣಗಾಳಿ ನಿಮಗೆ ಗೊತ್ತೇ ಇದೆ. ಮಾವನ ಮನೆಯಲ್ಲಿ ಹಿತ್ತಲಲ್ಲಿಟ್ಟರೂ ಚಿಗುರುತ್ತದೆ. ನನಗೆ ನೆರಳು ಬಲೆಯ ಕೆಳಗೆ ಗೋಣಿಚೀಲ ತೋಯಿಸಿ ಸುತ್ತಲೂ ಇಳಿಬಿಟ್ಟ ಮೇಲೆಯೇ ಬದುಕಿದ್ದು. ಮೊದಲ ವರ್ಷ ಅರ್ಧಕ್ಕರ್ಧ ಒಣಗಿದ್ದವು. ಮಳೆ ಹಿಡಿದ ಮೇಲೆ ಮರದ ಉತ್ತರ ಬದಿಗೆ ನೆಡುತ್ತೇನೆ, ಬಿಸಿಲು ನೇರ ಬೀಳಬಾರದು ಅಂತ.

ಹೂವಿನ ವಿಷಯ ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ಮೆಣಸಿನ ಹೂವಿಗೆ ಎಸಳೇ ಇಲ್ಲ. ಉದ್ದನೆಯ ಹಸಿರು ತೆನೆಯ ಮೇಲೆ ಸಾಸಿವೆಗಿಂತ ಚಿಕ್ಕ ಹೂಗಳು ಕೂತಿರುತ್ತವೆ. ಈ ತೆನೆಗೆ ಮಲೆನಾಡಲ್ಲಿ ಕರೆ ಅನ್ನುತ್ತಾರೆ. ಕರೆ ಹೊರಡುವುದು ಎಲೆಯ ಸಂದಿಯಿಂದ ಅಲ್ಲ, ಎಲೆಯ ಎದುರು ಬದಿಯಿಂದ. ಭೂತಗನ್ನಡಿಯಲ್ಲಿ ನೋಡಿದರೆ ನಡುವೆ ಹೆಣ್ಣು ಭಾಗ, ಆಚೀಚೆ ಎರಡು ಕೇಸರ. ಹೆಣ್ಣು ಭಾಗ ಮೊದಲು ಸಿದ್ಧವಾಗುತ್ತದೆ, ಕೇಸರ ಆಮೇಲೆ ಒಡೆಯುತ್ತದೆ. ತೂಗುವ ಕರೆಯ ಮೇಲೆ ಮಳೆಹನಿ ಜಾರುವಾಗ ಪರಾಗ ಕೆಳಗಿನ ಹೂಗಳಿಗೆ ಇಳಿಯುತ್ತದೆ. ಇದನ್ನು ತಿಳಿದ ಮೇಲೆ ಜೂನ್–ಜುಲೈನಲ್ಲಿ ಮಳೆ ಕೈಕೊಟ್ಟಾಗ ನಾನು ಬಳ್ಳಿಯ ಮೇಲೆ ಬೀಳುವ ಹಾಗೆ ನೀರು ಚಿಮುಕಿಸುತ್ತೇನೆ.

ಮಾವನ ಗುಡ್ಡದಿಂದ ಒಂದು ಕಾಡುಮೆಣಸಿನ ಬಳ್ಳಿಯನ್ನೂ ತಂದಿದ್ದೆ. ಸೊಗಸಾಗಿ ಹತ್ತಿತು. ಕರೆ ಬಂತು, ಒಂದು ಕಾಳೂ ಕಟ್ಟದೆ ಉದುರಿತು. ಎರಡನೇ ವರ್ಷವೂ ಹಾಗೇ. ಭೂತಗನ್ನಡಿ ಹಿಡಿದರೆ ಬರೀ ಕೇಸರ. ಅದು ಗಂಡು ಬಳ್ಳಿ. ಕಾಡಿನ ಮೆಣಸಿನಲ್ಲಿ ಹೆಚ್ಚಾಗಿ ಗಂಡು, ಹೆಣ್ಣು ಬೇರೆ ಬೇರೆ ಬಳ್ಳಿ. ಒಂದೇ ಹೂವಿನಲ್ಲಿ ಎರಡೂ ಇರುವ ಬಳ್ಳಿಗಳನ್ನು ಹುಡುಕಿ, ಕಡ್ಡಿಯಿಂದ ಕಡ್ಡಿಗೆ ಉಳಿಸಿಕೊಂಡು ಬಂದವರು ನಮ್ಮ ಹಿಂದಿನವರು. ಓದು ಬರಹ ಇಲ್ಲದೆ ಎಂಥಾ ಆಯ್ಕೆ ಮಾಡಿದ್ದಾರೆ ನೋಡಿ! ತಳಿ ಕೇಂದ್ರಗಳ ಕೆಲಸ ಶುರುವಾಗಿದ್ದು ಎಷ್ಟೋ ಆಮೇಲೆ. ನಾನು ನೆಟ್ಟ ಪಣಿಯೂರು–1 ಕೇರಳದಲ್ಲಿ ಎರಡು ಊರ ತಳಿಗಳನ್ನು ಕೂಡಿಸಿ ಮಾಡಿದ್ದು, 1971ರಲ್ಲಿ ಬಿಡುಗಡೆಯಾಯಿತು.

ನೆಂಟಸ್ತಿಕೆ ನೋಡುತ್ತಾ ಹೋದರೆ ಇನ್ನೂ ಚೆಂದ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಕಾಳುಮೆಣಸಿಗೆ ಪೈಪರ್ ನೈಗ್ರಮ್, ವೀಳ್ಯದೆಲೆಗೆ ಪೈಪರ್ ಬೀಟಲ್, ಹಿಪ್ಪಲಿಗೆ ಪೈಪರ್ ಲಾಂಗಮ್ ಅಂತ ಹೆಸರಿಟ್ಟ. ಮೂರೂ ಒಂದೇ ಪೈಪರ್ ಕುಲ. ಎಲೆಬಳ್ಳಿಯ ಗೆಣ್ಣು, ಬೇರು, ಎಲೆ ಕೂತ ರೀತಿ ನೋಡಿದರೆ ಅಣ್ಣತಮ್ಮ ಅಂತ ಗೊತ್ತಾಗುತ್ತದೆ. ಹಸಿಮೆಣಸಿನಕಾಯಿಗೂ ಇದಕ್ಕೂ ಹೆಸರು ಬಿಟ್ಟರೆ ಸಂಬಂಧ ಇಲ್ಲ. ಅದು ಅಮೆರಿಕದಿಂದ ಬಂದದ್ದು, ಬದನೆ–ಟೊಮೆಟೊ ಕುಟುಂಬದ್ದು.

ಶಾಲೆಯಲ್ಲಿ ನಮಗೆ ಏಕದಳ, ದ್ವಿದಳ ಅಂತ ಎರಡೇ ಪಾಲು ಹೇಳಿಕೊಟ್ಟಿದ್ದರು. ಮೆಣಸಿನ ಬೀಜಕ್ಕೆ ಎರಡು ದಳ ಇವೆ. ಆದರೆ ಕಾಂಡವನ್ನು ಅಡ್ಡ ಕತ್ತರಿಸಿ ನೋಡಿದರೆ ನೀರು ಸಾಗಿಸುವ ನಾಳಗಳು ದ್ವಿದಳದ ಹಾಗೆ ಅಂಚಿನಲ್ಲೊಂದು ಸುತ್ತು, ಏಕದಳದ ಹಾಗೆ ಒಳಗೂ ಒಂದಷ್ಟು. ಡಿಎನ್‌ಎ ಆಧಾರದ ವರ್ಗೀಕರಣ 1998ರಲ್ಲಿ ಬಂದ ಮೇಲೆ ಈ ಗೊಂದಲ ತಿಳಿಯಾಗುತ್ತಾ ಬಂತು. ಮೆಣಸು ಈಗ ಈ ಎರಡೂ ಪಾಲಿಗೆ ಸೇರದ, ಮ್ಯಾಗ್ನೋಲಿಡ್ ಅನ್ನುವ ಹಳೆಯ ಗುಂಪಿನಲ್ಲಿದೆ. ಅಲ್ಲಿ ಅದರ ಜೊತೆಗಾರರು ಯಾರು ಗೊತ್ತಾ? ಸಂಪಿಗೆ, ದಾಲ್ಚಿನ್ನಿ, ಬೆಣ್ಣೆಹಣ್ಣು, ಸೀತಾಫಲ. ಮಳೆಕಾಡಿನ ಬಳ್ಳಿಗೂ ಚಿತ್ರದುರ್ಗದ ಕಲ್ಲುಗುಡ್ಡದ ಸೀತಾಫಲಕ್ಕೂ ನೆಂಟಸ್ತಿಕೆ ಇದೆ ಅಂತ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಈ ನೆಂಟಸ್ತಿಕೆ ತೋಟದಲ್ಲಿ ಕೆಲಸಕ್ಕೂ ಬಂತು. ತಗ್ಗಿನ ಜಾಗದಲ್ಲಿ ನೀರು ನಿಂತು ಸೊರಗು ರೋಗಕ್ಕೆ ಬಳ್ಳಿಗಳು ಹೋಗುತ್ತಿದ್ದವು. ಅಮೆಜಾನ್ ಕಡೆಯ ಪೈಪರ್ ಕೊಲುಬ್ರಿನಮ್ ಅನ್ನುವ ಹಿಪ್ಪಲಿ ಈ ರೋಗ ತಡೆಯುತ್ತದೆ, ಕೆಸರಲ್ಲೂ ಬದುಕುತ್ತದೆ. ಒಂದೇ ಕುಲದ್ದಾದ್ದರಿಂದ ಅದರ ಬುಡಕ್ಕೆ ನಮ್ಮ ಮೆಣಸು ಕಸಿಯಾಗುತ್ತದೆ. 20 ಗಿಡ ಕಟ್ಟಿದೆ. ಎತ್ತರದಲ್ಲಿ ನೆಟ್ಟ 9 ಗಿಡ ಬೇಸಿಗೆಯಲ್ಲಿ ಕಾಲುವೆ ನೀರು ನಿಂತ ಕೂಡಲೇ ಬಾಡಿ ಹೋದವು, ಏಕೆಂದರೆ ಕೊಲುಬ್ರಿನಮ್ ನೀರಿನ ಪಕ್ಕದ ಗಿಡ, ಒಣಗು ತಡೆಯುವುದಿಲ್ಲ. ತಗ್ಗಿನಲ್ಲಿ ನೆಟ್ಟ 11ರಲ್ಲಿ 10 ಚೆನ್ನಾಗಿವೆ. ಕಸಿ ಗಂಟಿನ ಕೆಳಗೆ ಚಿಗುರುವ ಹಿಪ್ಪಲಿಯನ್ನು ಆಗಾಗ ಚಿವುಟುತ್ತಿರಬೇಕು, ಇಲ್ಲದಿದ್ದರೆ ಅದೇ ಗಿಡವಾಗಿಬಿಡುತ್ತದೆ. ಈ ಸಲ ಆ ತಗ್ಗಿಗೆ ಇನ್ನೂ 15 ಕಟ್ಟಿಟ್ಟಿದ್ದೇನೆ, ಮಳೆ ಬಿದ್ದ ಮೇಲೆ ನೆಡಬೇಕು.